ನ್ಯೂಯಾರ್ಕಿನ ಹನ್ನೊಂದು ಗಂಟೆಯ ಊಟ

ನ್ಯೂಯಾರ್ಕಿನ ಜನ ಯಾವುದಕ್ಕೂ ಕಾಯುವವರಲ್ಲ. ಕೆಂಪು ದೀಪ ಉರಿಯುತ್ತಿದ್ದರೂ ವಾಹನ ಕಾಣದಿದ್ದರೆ ರಸ್ತೆ ದಾಟಿಬಿಡುತ್ತಾರೆ. ಲಿಫ್ಟಿನೊಳಗೆ ಕಾಲಿಟ್ಟ ಕೂಡಲೇ ಬಾಗಿಲು ಮುಚ್ಚುವ ಗುಂಡಿ ಒತ್ತುತ್ತಾರೆ. ಇದೇ ಜನ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಎರಡು ಮೊಟ್ಟೆಗಾಗಿ ಫುಟ್‌ಪಾತಿನಲ್ಲಿ ಮುಕ್ಕಾಲು ಗಂಟೆ ಸುಮ್ಮನೆ ನಿಂತಿರುತ್ತಾರೆ. ಬಾಗಿಲಲ್ಲಿ ಒಬ್ಬಳು ಹುಡುಗಿ ಹೆಸರು, ಫೋನ್ ನಂಬರು ಬರೆದುಕೊಂಡು ‘ನಲವತ್ತೈದು ನಿಮಿಷ’ ಅನ್ನುತ್ತಾಳೆ. ಯಾರೂ ಜಗಳಾಡುವುದಿಲ್ಲ. ಪಕ್ಕದ ಅಂಗಡಿಯಿಂದ ಒಂದು ಲೋಟ ಕಾಫಿ ತಂದು, ನಾಯಿಯ ಹಗ್ಗ ಹಿಡಿದುಕೊಂಡು, ನಿನ್ನೆ ರಾತ್ರಿಯ ಸುದ್ದಿ ಹೇಳಿಕೊಳ್ಳುತ್ತ ನಿಲ್ಲುತ್ತಾರೆ.

ಮಗಳ ಮನೆಗೆ ಬಂದ ಹೊಸತರಲ್ಲಿ ನಾವೂ ಅಂಥದ್ದೊಂದು ಸಾಲಿನಲ್ಲಿ ನಿಂತೆವು. ನನ್ನ ಹೆಂಡತಿ ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ‘ಇಷ್ಟೊತ್ತಿಗೆ ಊರಲ್ಲಿ ಗಂಜಿ ಉಂಡು ಕೈ ತೊಳೆದಾಯ್ತಿತ್ತು. ಇದಕ್ಕೆ ಇಷ್ಟು ಗೌಜಿ ಎಂತಕ್ಕೆ?’ ಎಂದಳು.

‘ಅಮ್ಮ, ಇದು ಬ್ರಂಚ್. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಎರಡೂ ಸೇರಿ ಒಂದೇ. ಕಾಯುವುದೂ ಅದರಲ್ಲೇ ಸೇರಿದ್ದು’ ಎಂದಳು ಮಗಳು.

ಹೆಂಡತಿಯ ಪ್ರಶ್ನೆ ಅಷ್ಟಕ್ಕೇ ಮುಗಿಯುವಂಥದ್ದಲ್ಲ ಎಂದು ನನಗೆ ಆಮೇಲೆ ಅನ್ನಿಸಿತು. ಹತ್ತು, ಹನ್ನೊಂದು ಗಂಟೆಗೆ ಉಣ್ಣುವುದು ನಮಗೇನೂ ಹೊಸತಲ್ಲ. ಕುಂದಾಪುರದ ಕಡೆ ಹತ್ತು ಗಂಟೆಯ ಗಂಜಿ ಎಂದರೆ ದಿನದ ಮೊದಲ ಸರಿಯಾದ ಊಟ. ಬೆಳಕು ಹರಿಯುವ ಮೊದಲೇ ಎದ್ದು, ಒಂದು ಲೋಟ ಚಹಾ ಕುಡಿದು ಗದ್ದೆಗೋ ತೋಟಕ್ಕೋ ಇಳಿದವರು ಮೂರು ನಾಲ್ಕು ಗಂಟೆ ಬೆವರು ಸುರಿಸಿದ ಮೇಲೆ ಅದು ಸಿಗುತ್ತಿತ್ತು. ಮಳೆಗಾಲದ ನಾಟಿಯ ದಿನಗಳಲ್ಲಿ ಗೊರಬು ಸೂಡಿಕೊಂಡ ಹೆಂಗಸರು ಬೆನ್ನು ನೆಟ್ಟಗೆ ಮಾಡಿ, ಕೆಸರು ಕೈ ತೊಳೆದುಕೊಂಡು ಬಂದು ಕೂರುವ ಹೊತ್ತು ಅದು. ದಪ್ಪ ಕುಚ್ಚಲಕ್ಕಿಯ ಅನ್ನ, ಮೇಲೆ ನಿಂತ ಬಿಸಿ ತೆಳಿ, ಉಪ್ಪು. ಪಕ್ಕಕ್ಕೆ ಮಿಡಿ ಉಪ್ಪಿನಕಾಯಿಯೋ, ಹುರುಳಿ ಚಟ್ನಿಯೋ, ಕೆಂಡದಲ್ಲಿ ಸುಟ್ಟು ತೆಂಗಿನೆಣ್ಣೆ ಸವರಿದ ಒಣಮೀನೋ. ಅರ್ಧ ಗಂಟೆ, ಹೆಚ್ಚೆಂದರೆ. ಉಂಡವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಮತ್ತೆ ಕೆಸರಿಗಿಳಿಯುತ್ತಿದ್ದರು.

ಘಟ್ಟದ ಮೇಲೂ ಹೀಗೊಂದು ಪದ್ಧತಿ ಇತ್ತು. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಆಫೀಸಿಗೆ ಹೋಗುವ ಯಜಮಾನರು, ಶಾಲೆಗೆ ಹೋಗುವ ಮಕ್ಕಳು ಬೆಳಿಗ್ಗೆ ಒಂಬತ್ತೂವರೆಗೆಲ್ಲ ಅನ್ನ, ಸಾರು, ಮಜ್ಜಿಗೆ ಮುಗಿಸಿಯೇ ಹೊರಡುತ್ತಿದ್ದರು. ತಿಂಡಿ ಏನಿದ್ದರೂ ಸಂಜೆ ಮನೆಗೆ ಬಂದ ಮೇಲೆ. ಗಡಿಯಾರದ ಮುಳ್ಳು ಎಲ್ಲ ಕಡೆಯೂ ಸುಮಾರು ಅಲ್ಲೇ ಇರುತ್ತದೆ. ಆದರೆ ಗದ್ದೆಯವರಿಗೆ ಉಂಡ ಮೇಲೆ ಕೆಲಸ ಕಾದಿತ್ತು, ಗುಮಾಸ್ತರಿಗೆ ಹಾಜರಿ ಪುಸ್ತಕ ಕಾದಿತ್ತು. ನ್ಯೂಯಾರ್ಕಿನ ಈ ಸಾಲಿನಲ್ಲಿ ನಿಂತವರಿಗೆ ಸಂಜೆಯ ತನಕ ಏನೂ ಕಾದಿಲ್ಲ. ಆ ಏನೂ ಇಲ್ಲದಿರುವಿಕೆಗೇ ಅವರು ಹಣ ಕೊಡುತ್ತಿದ್ದಾರೆ, ಮೊಟ್ಟೆಗಲ್ಲ.

ಈ ಬ್ರಂಚಿನ ಹುಟ್ಟೂರು ಇಂಗ್ಲೆಂಡು. 1895ರಲ್ಲಿ ಗೈ ಬೆರಿಂಜರ್ ಎಂಬ ಲೇಖಕ ‘ಹಂಟರ್ಸ್ ವೀಕ್ಲಿ’ ಪತ್ರಿಕೆಯಲ್ಲಿ ಇದರ ಪರವಾಗಿ ಒಂದು ಮನವಿಯನ್ನೇ ಬರೆದ. ಭಾನುವಾರ ಚರ್ಚಿನಿಂದ ಬಂದು ಮಾಂಸ, ಕಡುಬುಗಳ ಭಾರೀ ಊಟಕ್ಕೆ ಕೂರುವ ಬದಲು ಮಧ್ಯಾಹ್ನದ ಹೊತ್ತಿಗೆ ಚಹಾ, ಕಾಫಿ, ಮಾರ್ಮಲೇಡ್‌ನಿಂದ ಶುರುಮಾಡಿ ನಿಧಾನ ಮುಂದುವರಿಯೋಣ ಎಂಬುದು ಅವನ ವಾದ. ಅವನ ನಿಜವಾದ ಕಕ್ಕುಲಾತಿ ಇದ್ದದ್ದು ಶನಿವಾರ ರಾತ್ರಿ ಕುಡಿದು ಕುಣಿದವರ ಮೇಲೆ. ಪಾಪ, ಅವರು ಭಾನುವಾರ ಬೇಗ ಏಳುವುದು ತಪ್ಪಲಿ ಎಂದು! ಈ ಊಟ ಮಾತಿಗೆ ಎಳೆಯುತ್ತದೆ, ಮನಸ್ಸು ಹಗುರ ಮಾಡುತ್ತದೆ ಎಂದೂ ಅವನು ಹೇಳಿದ್ದ. ತಡವಾಗಿ ಏಳುವ ಹಕ್ಕಿಗಾಗಿ ಇಷ್ಟು ಸಭ್ಯವಾಗಿ ವಾದಿಸಿದವರು ಕಡಿಮೆ.

ಬ್ರಂಚಿನ ಪಟ್ಟದ ತಿನಿಸಾದ ಎಗ್ಸ್ ಬೆನೆಡಿಕ್ಟ್ ಬಗ್ಗೆ ನ್ಯೂಯಾರ್ಕಿನಲ್ಲಿ ಪ್ರಚಲಿತವಿರುವ ಒಂದು ಕಥೆಯಲ್ಲೂ ಹಿಂದಿನ ರಾತ್ರಿಯ ಅಮಲೇ ಇದೆ. 1894ರಲ್ಲಿ ಲೆಮ್ಯುಎಲ್ ಬೆನೆಡಿಕ್ಟ್ ಎಂಬ ಷೇರು ದಲ್ಲಾಳಿ ತಲೆ ಸಿಡಿಯುತ್ತ ವಾಲ್ಡಾರ್ಫ್ ಹೋಟೆಲಿಗೆ ಬಂದು ಬೆಣ್ಣೆ ಸವರಿದ ಟೋಸ್ಟ್, ಬೇಕನ್, ನೀರಿನಲ್ಲಿ ಬೇಯಿಸಿದ ಮೊಟ್ಟೆ, ಜೊತೆಗೆ ಹಾಲಂಡೇಸ್ ಸಾಸ್ ಕೇಳಿದನಂತೆ. ಅಲ್ಲಿನ ಆಸ್ಕರ್ ಎಂಬ ಮೇಲ್ವಿಚಾರಕ ಅದನ್ನು ಸ್ವಲ್ಪ ತಿದ್ದಿ ಮೆನುವಿಗೆ ಸೇರಿಸಿದನಂತೆ. ಡೆಲ್ಮೊನಿಕೋಸ್ ಹೋಟೆಲಿನವರು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಅದು ಅವರ ಅಡುಗೆಮನೆಯದ್ದೇ, ಬೆನೆಡಿಕ್ಟ್ ಎಂಬ ಬೇರೊಂದು ಮನೆತನದ ಹೆಂಗಸಿಗಾಗಿ ಮಾಡಿದ್ದು. ಗೋಳಿಬಜೆ ಯಾರದು, ನೀರುದೋಸೆ ಯಾರದು ಎಂದು ನಾವೂ ಕಿತ್ತಾಡುತ್ತೇವಲ್ಲ, ಇರಲಿ.

ಕೊನೆಗೂ ಒಳಗೆ ಜಾಗ ಸಿಕ್ಕಿತು. ಒಳಗಿನ ಗದ್ದಲದಲ್ಲಿ ಮಾತಾಡಬೇಕಾದರೆ ಕೂಗಬೇಕು. ತಟ್ಟೆ ಬಂತು. ಸೀಳಿದ ಮಫಿನ್ ರೊಟ್ಟಿಯ ಎರಡು ಹೋಳು. ಅದರ ಮೇಲೆ ಹ್ಯಾಮ್ ಇರಬೇಕಾದಲ್ಲಿ, ಹಂದಿ ಬೇಡವೆಂದ ನನ್ನ ಹೆಂಡತಿಗೆ ಬೇಯಿಸಿದ ಪಾಲಕ್ ಸೊಪ್ಪು. ಸೊಪ್ಪಿನ ಮೇಲೆ ಚಿಪ್ಪಿಲ್ಲದೆ ಬಿಸಿನೀರಿಗೆ ಒಡೆದು ಬಿಟ್ಟು ಬೇಯಿಸಿದ ಮೊಟ್ಟೆ. ಎಲ್ಲದರ ಮೇಲೆ ತೆಳು ಹಳದಿಯ ಹಾಲಂಡೇಸ್. ಮೊಟ್ಟೆಯ ಹಳದಿಗೆ ಕರಗಿಸಿದ ಬೆಣ್ಣೆಯನ್ನು ಎಳೆ ಎಳೆಯಾಗಿ ಹೊಯ್ಯುತ್ತ, ನಿಂಬೆರಸ ಸೇರಿಸುತ್ತ, ಕೈ ನಿಲ್ಲಿಸದೆ ಕಡೆಯಬೇಕು. ಉರಿ ಸ್ವಲ್ಪ ಹೆಚ್ಚಾದರೂ ಒಡೆದು ಬೆಣ್ಣೆ ಬೇರೆ, ಗಂಟು ಬೇರೆ. ಮಜ್ಜಿಗೆಹುಳಿ ಮಾಡುವವರಿಗೆ ಈ ಭಯ ಹೇಳಿಕೊಡಬೇಕಿಲ್ಲ. ಹೆಂಡತಿ ಮುಳ್ಳುಚಮಚದಿಂದ ಮೊಟ್ಟೆಯನ್ನು ಮೆಲ್ಲಗೆ ಒತ್ತಿದಳು. ಬಿಳಿ ಸೀಳಿ ಒಳಗಿನ ಹಳದಿ ನಿಧಾನ ಇಳಿದು ಸೊಪ್ಪಿನ ಸಂದಿಗೆಲ್ಲ ಹೋಯಿತು. ‘ಲಾಯಕ್ಕಿತ್ತು’ ಎಂದಳು. ಅವಳು ಹೋಟೆಲಿನ ತಿಂಡಿಗೆ ಹಾಗೆ ಹೇಳುವುದು ಅಪರೂಪ. ‘ಒಂದು ಹಸಿಮೆಣಸು ಇದ್ದಿದ್ದರೆ’ ಎಂಬುದು ಆಮೇಲೆ ಬಂತು.

ಅಕ್ಕಪಕ್ಕದ ಮೇಜುಗಳಲ್ಲಿ ಕಿತ್ತಳೆ ರಸಕ್ಕೆ ಬುರುಗು ವೈನ್ ಬೆರೆಸಿದ ಮಿಮೋಸಾ ಲೋಟಗಳು ಖಾಲಿಯಾಗುತ್ತಲೇ ಇದ್ದವು. ಮಜವೆಂದರೆ ಈ ರಾಜ್ಯದಲ್ಲಿ ಭಾನುವಾರ ಮಧ್ಯಾಹ್ನ ಹನ್ನೆರಡರ ಮೊದಲು ಹೋಟೆಲಿನಲ್ಲಿ ಮದ್ಯ ಕೊಡಬಾರದೆಂಬ ಹಳೆಯ ಕಾನೂನು ಬಹುಕಾಲ ಇತ್ತು. 2016ರಲ್ಲಿ ಗವರ್ನರ್ ಆಂಡ್ರ್ಯೂ ಕುವೊಮೊ ಸಹಿ ಹಾಕಿ ಅದನ್ನು ಬೆಳಿಗ್ಗೆ ಹತ್ತಕ್ಕೆ ಇಳಿಸಿದರು. ಜನ ಅದನ್ನು ಬ್ರಂಚ್ ಮಸೂದೆ ಎಂದೇ ಕರೆದರು. ಬೆರಿಂಜರನ ಮನವಿಗೆ 121 ವರ್ಷದ ಮೇಲೆ ಸಿಕ್ಕ ಮಂಜೂರಾತಿ ಅಂದುಕೊಳ್ಳಬಹುದು.

ಬ್ಯಾಂಕಿನಲ್ಲಿ ಆಯುಷ್ಯ ಕಳೆದವನಿಗೆ ಬಿಲ್ಲು ಓದುವ ಚಟ ಬಿಡುವುದಿಲ್ಲ. ಮೂವರಿಗೆ 90 ಡಾಲರ್. ನಗರದ ಮಾರಾಟ ತೆರಿಗೆ ನೂರಕ್ಕೆ 8.875, ಅಂದರೆ ಎಂಟು ಡಾಲರಿಗೆ ಒಂದು ಸೆಂಟ್ ಕಡಿಮೆ. ಟಿಪ್ಸ್ ಎಷ್ಟೆಂದು ಲೆಕ್ಕ ಹಾಕಲು ಇಲ್ಲಿಯವರಲ್ಲಿ ಒಂದು ಸುಲಭದ ದಾರಿ ಇದೆ: ತೆರಿಗೆಯನ್ನು ಎರಡರಿಂದ ಗುಣಿಸುವುದು. ಅಲ್ಲಿಗೆ ಇನ್ನೊಂದು ಹದಿನಾರು. ಒಟ್ಟು 114. ಕೈ ಬಿಗಿಹಿಡಿಯುವ ಮನಸ್ಸಾಯಿತು. ಆದರೆ ಇಲ್ಲಿ ಟಿಪ್ಸ್ ಎಂಬುದು ಖುಷಿಗೆ ಕೊಡುವ ಚಿಲ್ಲರೆಯಲ್ಲ. 2025ರಲ್ಲಿ ನಗರದ ಕನಿಷ್ಠ ಕೂಲಿ ಗಂಟೆಗೆ 16.50 ಡಾಲರ್ ಇತ್ತು. ಬಡಿಸುವವರಿಗೆ ಅದರಲ್ಲಿ ಹೋಟೆಲಿನ ಧಣಿ ತನ್ನ ಕೈಯಿಂದ ಕೊಡಬೇಕಾಗಿದ್ದದ್ದು 11 ಮಾತ್ರ. ಉಳಿದ ಐದೂವರೆ ಟಿಪ್ಸಿನಿಂದ ತುಂಬುತ್ತದೆಂದು ಕಾನೂನೇ ಲೆಕ್ಕ ಹಿಡಿದಿತ್ತು. ನಮ್ಮ ಮೇಜಿಗೆ ನಾಲ್ಕು ಸಲ ಕಾಫಿ ತುಂಬಿಸಿ ಹೋದ ಹುಡುಗ ಮೊಟ್ಟೆ ತಟ್ಟೆಗಳನ್ನು ಮೊಳಕೈ ತನಕ ಜೋಡಿಸಿಕೊಂಡು ಓಡುತ್ತಿದ್ದ. ಅವನು ಭಾನುವಾರ ಎಷ್ಟು ಗಂಟೆಗೆ ಎದ್ದಿರಬಹುದು? ಊರು ಮಲಗಿರುವ ಹೊತ್ತಲ್ಲಿ ಅವನೂ, ಒಳಗೆ ಒಲೆಯ ಮುಂದೆ ನಿಂತವರೂ ಎದ್ದು ಬಂದಿದ್ದರಿಂದಲೇ ತಾನೆ ಹೊರಗಿನವರ ನಿದ್ದೆ ಸಾಗಿದ್ದು. ಇಲ್ಲಿಯ ಅಡುಗೆಯವರಿಗೆ ಬ್ರಂಚ್ ಕಂಡರೆ ಆಗದು. ಬಾಣಸಿಗ ಆಂಟನಿ ಬೋರ್ಡೆನ್ 2000ದಲ್ಲಿ ಪ್ರಕಟವಾದ ‘ಕಿಚನ್ ಕಾನ್ಫಿಡೆನ್ಶಿಯಲ್’ ಪುಸ್ತಕದಲ್ಲಿ ಈ ಪಾಳಿಯನ್ನೂ ಹಾಲಂಡೇಸನ್ನೂ ಚೆನ್ನಾಗಿ ಬೈದಿದ್ದಾನೆ. ಶನಿವಾರ ರಾತ್ರಿ ದುಡಿದು ಸುಸ್ತಾದವರನ್ನು ಭಾನುವಾರ ಬೆಳಿಗ್ಗೆ ಮತ್ತೆ ಒಲೆಯ ಮುಂದೆ ನಿಲ್ಲಿಸಿದರೆ ಬೇರೇನು ಆದೀತು.

ನಾನು ಹದಿನಾರರ ಜಾಗದಲ್ಲಿ ಇಪ್ಪತ್ತು ಬರೆದೆ. ಮಗಳು ನೋಡಿ ನಕ್ಕಳು.

ಹೊರಗಿನ ಬ್ರಂಚ್ ಹೀಗಾದರೆ ಮನೆಯದು ಹೇಗೆ? ಅದಕ್ಕೂ ನ್ಯೂಯಾರ್ಕಿನಲ್ಲಿ ಒಂದು ಹಳೆಯ ಸಂಪ್ರದಾಯ ಇದೆ, ಯಹೂದಿಗಳಿಂದ ಬಂದದ್ದು. ಅವರ ವಿಶ್ರಾಂತಿಯ ದಿನ ಶನಿವಾರ. ಭಾನುವಾರ ಊರೆಲ್ಲ ಬಾಗಿಲು ಹಾಕಿದ್ದಾಗಲೂ ಅವರ ಅಂಗಡಿಗಳು ತೆರೆದಿರುತ್ತಿದ್ದವು. ಅಲ್ಲಿಂದ ಬೇಗಲ್, ಕ್ರೀಮ್ ಚೀಸ್, ತೆಳ್ಳಗೆ ಕೊಯ್ದ ಸಾಲ್ಮನ್ ಮೀನು ಕಟ್ಟಿಸಿಕೊಂಡು ಬಂದು ಮನೆಯಲ್ಲೇ ಮೇಜಿನ ಮೇಲೆ ಹರಡಿಕೊಂಡು ತಿನ್ನುವುದು. ಒಲೆ ಹಚ್ಚಬೇಕಾಗಿಲ್ಲ ಎಂಬುದೇ ಇದರ ದೊಡ್ಡ ಗುಣ.

ಮಗಳ ಮನೆ ಇರುವುದು ಕ್ವೀನ್ಸಿನ ಜಾಕ್ಸನ್ ಹೈಟ್ಸಿನಲ್ಲಿ. ಅಲ್ಲಿಂದ ಎಫ್ ರೈಲು ಹಿಡಿದು ಸೆಕೆಂಡ್ ಅವೆನ್ಯೂದಲ್ಲಿ ಇಳಿದರೆ ಈಸ್ಟ್ ಹೌಸ್ಟನ್ ಬೀದಿಯಲ್ಲಿ ‘ರಸ್ ಅಂಡ್ ಡಾಟರ್ಸ್’ ಅಂಗಡಿ ನಡೆಯುವಷ್ಟೇ ದೂರ. ಪೂರ್ವ ಯುರೋಪಿನಿಂದ ಬಂದ ಜೋಯೆಲ್ ರಸ್ 1914ರಲ್ಲಿ ಶುರುಮಾಡಿದ್ದು. ಗಂಡುಮಕ್ಕಳಿರಲಿಲ್ಲ. ಮೂವರು ಹೆಣ್ಣುಮಕ್ಕಳು ಗಲ್ಲೆಯ ಹಿಂದೆ ನಿಂತು ಅಂಗಡಿ ನಡೆಸಿದರು. ಬೋರ್ಡಿನ ಮೇಲೆ ‘ಅಂಡ್ ಸನ್ಸ್’ ಎಂದು ಬರೆಸುವ ಕಾಲದಲ್ಲಿ ಅವನು ‘ಅಂಡ್ ಡಾಟರ್ಸ್’ ಎಂದು ಬರೆಸಿದ. ಇರುವ ಒಬ್ಬಳೇ ಮಗಳ ಪಕ್ಕ ನಿಂತು ಆ ಬೋರ್ಡ್ ಓದುವಾಗ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು.

ಒಳಗೆ ಹೋದವರು ಒಂದು ನಂಬರ್ ಚೀಟಿ ಹರಿದುಕೊಂಡು ನಿಲ್ಲಬೇಕು. ಗಾಜಿನ ಹಿಂದೆ ಬಿಳಿ ಕೋಟಿನವರು, ಅವರ ಮುಂದೆ ಕಿತ್ತಳೆ ಬಣ್ಣದ ಮೀನಿನ ಉದ್ದುದ್ದ ಹೋಳುಗಳು. ನಮ್ಮ ಸರದಿ ಬಂದಾಗ ಕೊಯ್ಯುವವನ ಕೈಯನ್ನೇ ನೋಡುತ್ತ ನಿಂತೆ. ಉದ್ದ, ಬಾಗುವ ಅಲಗಿನ ಚೂರಿ. ಅದನ್ನು ಒತ್ತುವುದೇ ಇಲ್ಲ. ಬಾಲದ ಕಡೆಗೆ ಓರೆಯಾಗಿ ಹಿಡಿದು ಹಿಂದೆ ಮುಂದೆ ಆಡಿಸುತ್ತಾನೆ, ಪಿಟೀಲಿನ ಮೇಲೆ ಕಮಾನು ಆಡಿದ ಹಾಗೆ. ಮೀನಿನ ಒಂದು ಪದರ ತಾನಾಗಿಯೇ ಬಿಟ್ಟುಕೊಂಡು ಅಲಗಿನ ಮೇಲೆ ಒರಗುತ್ತದೆ, ಅಡಿಯಲ್ಲಿ ಚೂರಿಯ ಹೊಳಪು ಕಾಣುವಷ್ಟು ತೆಳು. ಅದನ್ನು ಎಣ್ಣೆಕಾಗದದ ಮೇಲೆ ಮಲಗಿಸಿ ಇನ್ನೊಂದಕ್ಕೆ ಹೋಗುತ್ತಾನೆ. ಅವಸರವೇ ಇಲ್ಲ, ಹಿಂದೆ ಅಷ್ಟು ಜನ ನಿಂತಿದ್ದರೂ.

ಮೀನಿನಲ್ಲಿ ಮುಖ್ಯವಾಗಿ ಎರಡು ಬಗೆ. ನೋವಾ ಎಂದರೆ ಉಪ್ಪು ಹಾಕಿ ತಣ್ಣನೆಯ ಹೊಗೆಯಲ್ಲಿಟ್ಟದ್ದು, ಮೃದು. ಬೆಲ್ಲಿ ಲಾಕ್ಸ್ ಎಂದರೆ ಹೊಗೆ ಮುಟ್ಟದ, ಬರಿಯ ಉಪ್ಪಿನಲ್ಲಿ ಹಾಕಿಟ್ಟ ಹೊಟ್ಟೆಭಾಗ. ಫ್ರಿಜ್ ಇಲ್ಲದ ಕಾಲದ್ದು. ಈಗಿನವರು ಹೆಚ್ಚಾಗಿ ಕೇಳುವುದು ನೋವಾವನ್ನೇ. ಎರಡೂ ತಂದೆವು.

ಮನೆಗೆ ಮಗಳ ಗೆಳತಿಯರು ಮೂವರು ಬಂದಿದ್ದರು. ಕುದಿಯುವ ನೀರಿಗೆ ಹಾಕಿ ತೆಗೆದು ಆಮೇಲೆ ಸುಡುವುದರಿಂದ ಬೇಗಲ್ಲಿನ ಹೊರಮೈ ಹೊಳೆಯುತ್ತದೆ, ಒಳಗೆ ಹಲ್ಲಿಗೆ ಕೆಲಸ ಕೊಡುವಷ್ಟು ಗಟ್ಟಿ. ಅದನ್ನು ಸೀಳಿ, ಧಾರಾಳ ಕ್ರೀಮ್ ಚೀಸ್ ಬಳಿದು, ಮೇಲೆ ಮೀನು, ಈರುಳ್ಳಿ ಬಿಲ್ಲೆ ಇಟ್ಟು ಒಬ್ಬಳು ನನ್ನ ಹೆಂಡತಿಯ ಕೈಗೆ ಕೊಟ್ಟಳು. ಇವಳು ಕೈಯಲ್ಲಿ ಹಿಡಿದುಕೊಂಡೇ ಕೂತಳು.

ಕಾರಣ ನನಗೆ ಗೊತ್ತಿತ್ತು. ಮೀನು ಮಾಡಿದ ದಿನ ಹಾಲು, ಮೊಸರು ತಟ್ಟೆಯ ಹತ್ತಿರ ಸುಳಿಯಬಾರದು. ಮೈಯಲ್ಲಿ ಬಿಳಿ ತೊನ್ನು ಬರುತ್ತದೆ ಎಂದು ಹಿರಿಯರು ಹೆದರಿಸುತ್ತಿದ್ದರು. ಚರಕ ಸಂಹಿತೆಯೂ ಮೀನು, ಹಾಲನ್ನು ವಿರುದ್ಧಾಹಾರವೆಂದೇ ಹೇಳುತ್ತದೆ. ಆದರೆ ಇಲ್ಲಿ ಮೀನಿನ ಅಡಿಯಲ್ಲಿ ಬೆರಳು ದಪ್ಪ ಚೀಸು! ಮಗಳ ಗೆಳತಿಯರಲ್ಲಿ ಒಬ್ಬಳು ಯಹೂದಿ. ಅವಳಿಗೆ ಈ ಭಯ ಹೇಳಿದಾಗ ಅವಳು ತನ್ನ ಕಡೆಯ ಕಟ್ಟಳೆ ಹೇಳಿದಳು. ಅವರಲ್ಲಿ ಮಾಂಸ ಮತ್ತು ಹಾಲು ಒಂದೇ ಊಟದಲ್ಲಿ ಕೂಡದು. ಮೀನು ಮಾತ್ರ ಮಾಂಸದ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಹಾಲಿನ ಜೊತೆ ಸಲ್ಲುತ್ತದೆ. ಅದಕ್ಕೇ ಮಾಂಸದ ಅಂಗಡಿಗಳೇ ಬೇರೆ, ಮೀನು, ಚೀಸು ಮಾರುವ ರಸ್‌ನಂಥ ಅಂಗಡಿಗಳೇ ಬೇರೆ ಆದದ್ದು. ಈ ಬೇಗಲ್ ಹುಟ್ಟಿದ್ದೇ ಮಡಿಯೊಳಗೆ. ಒಬ್ಬರಿಗೆ ಮಡಿ ಉಳಿಸುವ ಜೋಡಿ ಇನ್ನೊಬ್ಬರಿಗೆ ಮೈ ಕೆಡಿಸುವ ಜೋಡಿ. ಎರಡೂ ಕಡೆ ಸಾಕ್ಷಿಗೆ ಅಜ್ಜಿಯರೇ.

ಹೆಂಡತಿ ಬೇಗಲ್ಲನ್ನು ನನ್ನ ತಟ್ಟೆಗೆ ಹಾಕಿ ಅಡುಗೆಮನೆಗೆ ಹೋದಳು. ಅವಳು ಬೆಳಿಗ್ಗೆಯೇ ಕುಕ್ಕರಿನಲ್ಲಿ ಗಂಜಿ ಕೂಗಿಸಿಟ್ಟಿದ್ದಳು. ಊರಿನ ಕುಚ್ಚಲಕ್ಕಿ ಸಿಗದಿದ್ದರೂ ಎಪ್ಪತ್ತನಾಲ್ಕನೇ ಬೀದಿಯ ಪಟೇಲ್ ಬ್ರದರ್ಸಿನಲ್ಲಿ ಕೇರಳದ ಮಟ್ಟ ಅಕ್ಕಿ ಸಿಗುತ್ತದೆ. ಕೆಂಪಗೆ, ದಪ್ಪಗೆ, ಬೇಯಲು ಅಷ್ಟೇ ಹಟ. ಒಂದು ಬಟ್ಟಲು ಗಂಜಿ ಬಡಿಸಿಕೊಂಡು ಬಂದು, ಯಾರೂ ಅಷ್ಟಾಗಿ ಮುಟ್ಟದ ಬೆಲ್ಲಿ ಲಾಕ್ಸಿನ ಒಂದು ಚೂರು ಬಾಯಿಗಿಟ್ಟು ಒಂದು ತುತ್ತು ಗಂಜಿ ಉಂಡಳು. ಆಮೇಲೆ ಇನ್ನೊಂದು ಚೂರು. ‘ಇದು ನಮ್ಮ ಉಪ್ಪುಮೀನೇ ಮಾರಾಯ್ರೆ! ವಾಸನೆ ಒಂದು ಇಲ್ಲ’ ಎಂದು ನನ್ನ ಕಡೆ ತಿರುಗಿ ಹೇಳಿದಳು. ನಾನೂ ಬಟ್ಟಲು ತಂದೆ. ಬಿಸಿ ತೆಳಿಯ ಮೇಲೆ ಇಟ್ಟ ಮೀನು ಅಂಚಿನಲ್ಲಿ ಬೆಳ್ಳಗಾಗಿ ಅದರ ಕೊಬ್ಬು ಕರಗಿ ಸಣ್ಣ ಸಣ್ಣ ಚುಕ್ಕಿಯಾಗಿ ತೇಲಿತು. ಗಂಜಿಗೆ ಬೇರೆ ಉಪ್ಪೇ ಬೇಡ. ಉಪ್ಪಿನ ಮೀನಿಗೆ ಸಪ್ಪೆ ಅನ್ನ ಬೇಕು, ಚೀಸು ಅಲ್ಲ, ಎಂಬುದು ನನ್ನ ಪಕ್ಷಪಾತದ ತೀರ್ಪು. ಗೆಳತಿಯರೂ ಒಬ್ಬೊಬ್ಬರಾಗಿ ಬಟ್ಟಲು ಹಿಡಿದರು. ಅವರಲ್ಲಿ ಚೀನೀ ಮೂಲದವಳಿಗೆ ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ಅವರ ಮನೆಯಲ್ಲೂ ಬೆಳಗಿನ ಗಂಜಿಗೆ ಉಪ್ಪಿನ ಮೀನೇ ಜೋಡಿಯಂತೆ.

ಅಂದು ಮಧ್ಯಾಹ್ನ ಮೂರರ ತನಕ ಮೇಜಿನಿಂದ ಯಾರೂ ಏಳಲಿಲ್ಲ. ಹೋಟೆಲಿನಲ್ಲಾದರೆ ಒಂದೂವರೆ ಗಂಟೆಯೊಳಗೆ ಬಿಲ್ಲು ತಂದಿಟ್ಟು ‘ನಿಮಗೆ ಯಾವಾಗ ಅನುಕೂಲವೋ ಆಗ’ ಎನ್ನುತ್ತಾರೆ. ಆ ಮಾತಿನ ಅರ್ಥ ಸಾಲಿನಲ್ಲಿ ನಿಂತವರಿಗೂ ಗೊತ್ತು, ಕೂತವರಿಗೂ ಗೊತ್ತು. ಮನೆಯಲ್ಲಿ ಆ ಕಾಟವಿಲ್ಲ. ಆದರೆ ಗಂಜಿ ಕೂಗಿಸಿದ ಒಬ್ಬಳು ಆರು ಗಂಟೆಗೇ ಎದ್ದಿದ್ದಳು ಎಂಬುದನ್ನು ಮಗಳು ಗಮನಿಸಿದ್ದಳು. ‘ಅಮ್ಮ, ನೀನು ಮಾತ್ರ ಇನ್ನೂ ಹತ್ತು ಗಂಟೆ ಗಂಜಿಯ ಲೆಕ್ಕದಲ್ಲೇ ಇದ್ದೀಯ. ಇಲ್ಲಿ ಎಲ್ಲರೂ ಮಲಗಬೇಕು, ಅದೇ ನಿಯಮ’ ಎಂದಳು. ಗಂಜಿ ಬಡಿಸುತ್ತಿದ್ದ ನನ್ನ ಅಮ್ಮ, ದೊಡ್ಡಮ್ಮ ಹತ್ತು ಗಂಟೆಗೆ ತಾವು ಉಂಡದ್ದನ್ನು ನಾನು ನೋಡಿದ ನೆನಪಿಲ್ಲ. ಆಳುಗಳದ್ದು, ಗಂಡಸರದ್ದು, ಮಕ್ಕಳದ್ದು ಆಗಿ ತಪ್ಪಲೆಯ ತಳ ಕಾಣುವ ಹೊತ್ತಿಗೆ ಮಧ್ಯಾಹ್ನದ ಅಡುಗೆಗೆ ತೆಂಗಿನಕಾಯಿ ತುರಿಯಲು ಕೂರುತ್ತಿದ್ದರು. ಎರಡು ಊಟ ಕೂಡಿ ಒಂದಾದರೆ ಒಂದು ಸಲದ ಒಲೆ ಉಳಿಯುತ್ತದೆ. ಈ ಪದ್ಧತಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು. ಬೆರಿಂಜರ್ ಕುಡುಕರ ಬಗ್ಗೆ ಅಷ್ಟು ಮರುಗಿದ, ಅಡುಗೆಯವಳ ಬಗ್ಗೆಯೂ ಒಂದು ಮಾತು ಆಡಬಹುದಿತ್ತು.

ಒಲೆಯೇ ಬೇಡವೆಂದು ನಿರ್ಧರಿಸಿದ ಭಾನುವಾರಗಳಲ್ಲಿ ಇಲ್ಲಿಯ ನಮ್ಮವರು ಹೋಗುವ ಜಾಗ ಒಂದಿದೆ. ಸೆವೆನ್ ರೈಲಿನ ಕೊನೆಯ ನಿಲ್ದಾಣ ಫ್ಲಶಿಂಗ್‌ನಲ್ಲಿ ಇಳಿದು, ಚೀನೀ ಅಂಗಡಿಗಳ ಮುಂದೆ ಪುಟ್ಟಿಗಟ್ಟಲೆ ಇಟ್ಟ ಸೊಪ್ಪು, ಏಡಿಗಳನ್ನು ದಾಟಿಕೊಂಡು ಇಪ್ಪತ್ತು ನಿಮಿಷ ನಡೆದರೆ ಬೌನ್ ಬೀದಿಯಲ್ಲಿ ಮಹಾವಲ್ಲಭ ಗಣಪತಿ ದೇವಸ್ಥಾನ. 1977ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಇದರ ಪ್ರತಿಷ್ಠೆ ಆದದ್ದು. ಈಗ ಆ ಬೀದಿಗೆ ಗಣೇಶ ದೇವಸ್ಥಾನ ಬೀದಿ ಎಂಬ ಇನ್ನೊಂದು ಹೆಸರಿನ ಫಲಕವನ್ನೂ ನಗರಸಭೆ ಹಾಕಿದೆ. ಮೇಲೆ ದೇವರು, ನೆಲಮಾಳಿಗೆಯಲ್ಲಿ ಕ್ಯಾಂಟೀನು. ದೇವರಿಗೆ ಕೈ ಮುಗಿಯದೆ ನೇರ ಕೆಳಗೆ ಇಳಿಯುವವರೂ ಬೇಕಾದಷ್ಟು ಜನ. ದೋಸೆಗಾಗಿಯೇ ಬರುವ ಬಿಳಿಯರು, ಕರಿಯರು, ಚೀನಿಯರು ಟ್ರೇ ಹಿಡಿದು ಜಾಗ ಹುಡುಕುತ್ತಿರುತ್ತಾರೆ. ಅಲಂಕಾರ ಏನೂ ಇಲ್ಲ, ಟ್ಯೂಬ್‌ಲೈಟು, ಉದ್ದ ಮೇಜು. ದುಡ್ಡು ಕೊಟ್ಟು ನಂಬರ್ ಕೂಗುವವರೆಗೆ ಕಿವಿ ತೆರೆದಿಟ್ಟುಕೊಳ್ಳಬೇಕು. ಟಿಪ್ಸಿನ ಗುಣಾಕಾರ ಇಲ್ಲ, ‘ನಿಮಗೆ ಯಾವಾಗ ಅನುಕೂಲವೋ’ ಎನ್ನುವವರಿಲ್ಲ. ಮಸಾಲೆದೋಸೆ ಗರಿಗರಿ, ಪಲ್ಯಕ್ಕೆ ಈರುಳ್ಳಿ ಸರಿಯಾಗಿ ಬೆಂದಿತ್ತು, ಚಟ್ನಿಗೆ ನೀರು ಜಾಸ್ತಿ. ಸಾಂಬಾರಿಗೆ ಉಡುಪಿಯ ಬೆಲ್ಲ ಬಿದ್ದಿರಲಿಲ್ಲ ಎಂಬುದು ಹೆಂಡತಿಯ ದೂರು. ಅದು ತಮಿಳರ ಕೈ ಎಂದು ಅವಳೇ ಸಮಾಧಾನವನ್ನೂ ಹೇಳಿಕೊಂಡಳು.

ಎದುರು ಕೂತಿದ್ದ ದಂಪತಿ ತುಮಕೂರಿನ ಕಡೆಯವರು, ಮಗನ ಮನೆಗೆ ಬಂದವರು. ಮಾತಿಗೆ ಸಿಕ್ಕಿದರು. ‘ಭಾನುವಾರ ಇವರು ಹನ್ನೊಂದಕ್ಕೆ ಏಳ್ತಾರೆ, ಅಷ್ಟೊತ್ತಿಗೆ ನಂಗೆ ಹಸಿವು ಕೆಟ್ಟೋಗಿರುತ್ತೆ ಸಾರ್’ ಎಂದು ಯಜಮಾನರು ಸಂಕಟ ಹೇಳಿಕೊಂಡರು. ಅವರ ಉಪಾಯ ಸರಳ: ಏಳು ಗಂಟೆಗೆ ಎರಡು ರಸ್ಕು, ಚಹಾ. ಅದನ್ನು ಯಾರಿಗೂ ಹೇಳುವುದಿಲ್ಲವಂತೆ.

ಮುಂದಿನ ವಾರ ಮಗಳ ಗೆಳತಿಯರು ಮತ್ತೆ ಬರುವವರಿದ್ದರು, ಗಂಜಿಯನ್ನೇ ಕೇಳಿದ್ದರು. ವಾಪಸು ಬರುವಾಗ ಎಪ್ಪತ್ತನಾಲ್ಕನೇ ಬೀದಿಯಲ್ಲಿ ಇಳಿದು ಮಟ್ಟ ಅಕ್ಕಿಯ ಹತ್ತು ಪೌಂಡಿನ ಚೀಲ ಹೊತ್ತುಕೊಂಡೆ. ಈ ಸಲ ಅಮ್ಮ ಏಳುವ ಹಾಗಿಲ್ಲ, ಅಪ್ಪಯ್ಯನೇ ಎದ್ದು ಗಂಜಿಗಿಡಬೇಕು ಎಂದು ಮಗಳು ಅಪ್ಪಣೆ ಕೊಟ್ಟಳು. ಆಯಿತು ಎಂದೆ. ಇದಕ್ಕೆ ಕುಕ್ಕರಿನಲ್ಲಿ ಎಷ್ಟು ಸೀಟಿ ಬೇಕು ಎಂದು ಹೆಂಡತಿಯನ್ನು ಕೇಳಿದೆ.

‘ಎಂಟು. ಆಮೇಲೆ ಆವಿ ಇಳಿಯುವವರೆಗೆ ಮುಚ್ಚಳ ಮುಟ್ಟಬೇಡಿ’ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಎಬ್ಬಿಸಿ ಕೇಳುವುದೂ ಬೇಡ’ ಎಂದು ಸೇರಿಸಿದಳು.